ರೇವಪ್ಪನವರ ಪಂಕ್ತಿ

ತೆಲಂಗಾಣದ ಗಡಿಯೂರು ನಾರಾಯಣಖೇಡದ ಬಸ್ ನಿಲ್ದಾಣದಿಂದ ಪೇಟೆಗೆ ತಿರುಗುವ ಮೂಲೆಯಲ್ಲಿ ರೇವಪ್ಪನವರ ಕಿರಾಣಿ ಅಂಗಡಿಯಿದೆ. ಅಲ್ಲಿ ತೊಗರಿಬೇಳೆ ತೂಗಿಸಿಕೊಂಡವರಿಗೆಲ್ಲ ಒಂದು ಸಂಗತಿ ಗೊತ್ತು. ತಕ್ಕಡಿಯ ಅಂಕಿ ಸರಿಯಾಗಿ ನಿಂತ ಮೇಲೂ ಅವರ ಕೈ ಇನ್ನೊಮ್ಮೆ ಚೀಲಕ್ಕೆ ಹೋಗಿ ಒಂದು ಚಿಟಿಕೆ ಬೇಳೆಯನ್ನು ಮೇಲೆ ಉದುರಿಸುತ್ತದೆ. ಹಿಂದೆ ನಿಂತವರು ಅದನ್ನು ನೋಡಿದ್ದರೆ ಅವರಿಗೂ ಅಷ್ಟೇ ಬೀಳುತ್ತದೆ, ನೋಡದಿದ್ದರೂ ಬೀಳುತ್ತದೆ. "ಒಬ್ರಿಗೊಂದು, ಇನ್ನೊಬ್ರಿಗೊಂದು ಮಾಡಬಾರ್ದ್ರಿ" ಎನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು.

ಈ ಮಾತು ಅವರಿಗೆ ಅಂಗಡಿಯಿಂದ ಬಂದದ್ದಲ್ಲ, ಊರಾಚೆಯ ಮಠದ ದಾಸೋಹದಿಂದ ಬಂದದ್ದು. ಅಮಾವಾಸ್ಯೆಗೊಮ್ಮೆ ಅಲ್ಲಿ ಬಂದವರಿಗೆಲ್ಲ ಊಟ. ಮೀಸೆ ಮೂಡುವ ಮೊದಲೇ ಹುಗ್ಗಿಯ ಬಕೀಟು ಹಿಡಿದ ರೇವಪ್ಪನವರು ಅರವತ್ತು ದಾಟಿದರೂ ಅದನ್ನು ಕೆಳಗಿಟ್ಟಿರಲಿಲ್ಲ. ನೀಡುವುದಕ್ಕೆ ಅಲ್ಲಿ ಒಂದು ರೀತಿಯಿತ್ತು. ಮೊದಲ ಸಲ ಪಂಕ್ತಿಯ ಈ ತುದಿಯಿಂದ ಹೊರಟರೆ ಎರಡನೆಯ ಸಲ ಆ ತುದಿಯಿಂದ ಹೊರಡಬೇಕು. ಕುಳಿತವರ ಮುಖ ನೋಡಬಾರದು, ಎಲೆ ನೋಡಬೇಕು. ಉಣ್ಣುತ್ತಿರುವವರ ಮುಂದಿನ ಎಲೆಯನ್ನು ಎಂಥ ಅವಸರವಿದ್ದರೂ ಎತ್ತಬಾರದು. ಇನ್ನು ನೀಡುವವನ ಮನೆಯವರು, ಊರವರೆಲ್ಲ ಉಂಡೆದ್ದ ಮೇಲೆ ಕಡೆಯ ಪಂಕ್ತಿಗೆ ಕೂರಬೇಕು. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ರೇವಪ್ಪನವರ ಕೈಗೂ ಕಾಲಿಗೂ ಅದು ಗೊತ್ತಿತ್ತು, ಅಷ್ಟೆ.

ಇಂಥ ಮನುಷ್ಯ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಹಿರಿಯನಾದದ್ದು ಹೇಗೆ ಎಂದು ಹೊರಗಿನವರಿಗೆ ಅಚ್ಚರಿಯಾಗಬಹುದು. ಊರವರಿಗೆ ಆಗುತ್ತಿರಲಿಲ್ಲ. ಹರೆಯದಲ್ಲಿ ರೇವಪ್ಪ ಜಹೀರಾಬಾದಿನಲ್ಲಿ ಓದುತ್ತಿದ್ದಾಗ ಈ ಆಟದ ತಂಡದಲ್ಲಿದ್ದರು. ತಂಡದಲ್ಲಿದ್ದರು ಎನ್ನುವುದಕ್ಕಿಂತ ತಂಡದ ಜೊತೆಗಿದ್ದರು ಎನ್ನುವುದೇ ಸರಿ. ಒಮ್ಮೆ ತಾಂಡೂರಿಗೆ ಪಂದ್ಯಕ್ಕೆ ಹೋದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಡೀ ದಿನ ಬೇವಿನ ಮರದ ಕೆಳಗೆ ಕುಳಿತು, ಆಡುವವರ ಚಪ್ಪಲಿ ಕಾದು, ನೀರಿನ ಕೊಡ ಕಾದು, ಸಂಜೆ ಮರಳಿದ್ದರು. ಅಂಗಿ ಒಗೆಯಲು ತೆಗೆದುಕೊಂಡ ಅವ್ವ ಅದನ್ನು ಬಿಸಿಲಿಗೆ ಹಿಡಿದು, "ಇದಕ್ಕ ಮಣ್ಣೇ ಹತ್ತಿಲ್ಲಲ್ಲೋ ರೇವ್ಯಾ! ನೀ ಆಡಾಕ ಹೋಗಿದ್ದ್ಯೋ, ಬೀಗರ ಮನೀಗಿ ಹೋಗಿದ್ದ್ಯೋ?" ಎಂದು ನಕ್ಕಿದ್ದಳು. ಅವ್ವನ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಆ ನಗೆ ರೇವಪ್ಪನವರ ಕಿವಿಯಲ್ಲಿ ಉಳಿದುಬಿಟ್ಟಿತು.

ಶಾಲೆಯ ಆಟದ ಟೀಚರ್ ಪ್ರೇಮಲಾ ಹುಡುಗಿಯರ ತಂಡ ಕಟ್ಟಿದಾಗ, ಈ ಆಟ ಬಲ್ಲವರು ಊರಲ್ಲಿ ಇನ್ನಾರೂ ಇಲ್ಲದ್ದರಿಂದ ರೇವಪ್ಪನವರನ್ನು ಕರೆದಳು. ಆಟ ಕಲಿಸುವುದು ತನ್ನ ಪಾಲಿಗೆ, ಯಾರು ಯಾವಾಗ ಆಡಬೇಕು ಎನ್ನುವುದು ಅವರ ಪಾಲಿಗೆ ಎಂದು ಅವಳೇ ಹಂಚಿದಳು. ಯಾಕೆಂದರೆ ತಂದೆತಾಯಿಯರು ಜಗಳಕ್ಕೆ ಬರುವುದು ಆ ವಿಷಯಕ್ಕೇ. "ಕಾಕಾ, ನಿಮ್ಮ ಮುಂದ ಯಾರೂ ದನಿ ಏರ್ಸಂಗಿಲ್ಲ. ನೀವು ನೀಡಿದ್ದು ಊರಾಗ ಎಲ್ಲರೂ ಉಂಡಾರ" ಎಂದಳು.

ರೇವಪ್ಪನವರು ತಮಗೆ ಗೊತ್ತಿದ್ದ ರೀತಿಯಲ್ಲೇ ತಂಡ ನಡೆಸಿದರು. ಈ ವಾರ ಈ ತುದಿಯಿಂದ, ಮುಂದಿನ ವಾರ ಆ ತುದಿಯಿಂದ. ಚೆಂಡು ಹಿಡಿಯಲು ಬಾರದ ಹುಡುಗಿಗೂ ಪ್ರತಿ ಪಂದ್ಯದಲ್ಲಿ ಒಂದು ಪಾಲು; ಹಿಡಿಯಬಲ್ಲವಳಿಗೂ ಒಂದು ಪಾಲು. ಯಾರ ಅಂಗಿಯೂ ಮಣ್ಣಿಲ್ಲದೆ ಮನೆಗೆ ಹೋಗಬಾರದು. ಸೋತರೂ ಹುಡುಗಿಯರು ನಗುತ್ತ ಹೋಗುತ್ತಿದ್ದರು. ಕ್ರಮೇಣ ಗೆಲ್ಲುವುದಕ್ಕೂ ಕಲಿತರು.

ಇವರಲ್ಲಿ ಒಬ್ಬಳು ಮಾತ್ರ ಬೇರೆ. ಅವಳು ಸಂಗಮ್ಮ, ಮನೆಯಲ್ಲಿ ಎಲ್ಲರಿಗೂ ಸಂಗು. ರೇವಪ್ಪನವರ ಮಗಳನ್ನು ಹತ್ತಿರದ ಕಂಗ್ಟಿ ಊರಿಗೆ ಕೊಟ್ಟಿತ್ತು. ಆ ಮಗಳ ಮಗಳು ಓದಿಗೆಂದು ಅಜ್ಜನ ಮನೆಯಲ್ಲಿದ್ದಳು. ಸಂಗು ಚೆಂಡೆಸೆಯಲು ನಿಂತಳೆಂದರೆ ಅವಳ ಬಲಗೈ ತೊಡೆಯ ಪಕ್ಕದಿಂದ ಮೇಲೇರಿ, ಗಿರಣಿಯ ಚಕ್ರದಂತೆ ಒಂದು ಸುತ್ತು ಬಂದು ಕೆಳಗಿನಿಂದ ಚೆಂಡನ್ನು ಬಿಡುತ್ತಿತ್ತು. ಬ್ಯಾಟು ಹಿಡಿದವಳು ಕಣ್ಣು ಮಿಟುಕಿಸುವುದರೊಳಗೆ ಅದು ಕ್ಯಾಚರಳ ಗ್ಲೋವ್ಸಿನಲ್ಲಿ ಟಪ್ಪೆಂದು ಕೂತಿರುತ್ತಿತ್ತು. ಇಷ್ಟಾದರೂ ಅವಳು ಆಡುತ್ತಿದ್ದದ್ದು ಏಳು ಇನ್ನಿಂಗ್ಸುಗಳಲ್ಲಿ ಕಡೆಯ ಎರಡು ಮಾತ್ರ. ನೀಡುವವನ ಮನೆಯವಳಲ್ಲವೆ? ಅದಕ್ಕೇ ಕಡೆಯ ಪಂಕ್ತಿ. ಮೈದಾನದಲ್ಲಿ ಅಜ್ಜನನ್ನು ಮುತ್ಯಾ ಎಂದು ಕರೆಯುವಂತೆಯೂ ಇರಲಿಲ್ಲ. "ಇಲ್ಲಿ ನಾ ನಿನ್ನ ಮುತ್ಯಾ ಅಲ್ಲ, ಸರ್ ಅನ್ನು" ಎಂದಿದ್ದರು.

ಸಂಗು ಒಮ್ಮೆ ಮಾತ್ರ ಕೇಳಿದ್ದಳು. "ಸರ್, ಇವತ್ತ ನಾ ಮದಲ ಹೋಗ್ಲೇನ್ರಿ?"

"ಮಂದಿ ಏನಂತಾರ ಸಂಗು? ರೇವಪ್ಪ ತನ್ನ ಮನೀ ಹುಡುಗೀಗಿ ಮದಲ ನೀಡ್ಕೊಂಡ ಅಂತಾರ."

"ಮಂದಿ ಅನ್ನಂಗಿಲ್ಲ ಬಿಡ್ರಿ ಸರ್, ಮಂದೀಗಿ ಗೆಲ್ಲೋದು ಬೇಕಾಗ್ಯಾದ."

ರೇವಪ್ಪನವರು ಬೇಡವೆಂದು ತಲೆಯಾಡಿಸಿದರು. ಅವಳು ಹೋಗಿ ಬೆಂಚಿನ ಮೇಲೆ ಕುಳಿತಳು. ಅಲ್ಲಿಗೆ ಆ ಮಾತು ಮುಗಿಯಿತೆಂದು ಅವರು ತಿಳಿದರು.

ಹೀಗಿರಲು ಜಹೀರಾಬಾದಿನಲ್ಲಿ ಒಂದು ಟೂರ್ನಮೆಂಟ್ ಇಟ್ಟರು. ಹೈದರಾಬಾದಿನಿಂದ ತರಬೇತಿ ಕೊಡುವ ಮೇಡಂ ಒಬ್ಬರು ಬರುವರು, ಆಟ ನೋಡಿ ಕೆಲವರನ್ನು ಬೇಸಿಗೆ ಶಿಬಿರಕ್ಕೆ ಆರಿಸಿಕೊಳ್ಳುವರು ಎಂದು ಸುದ್ದಿ ಬಂತು. ಸಂಗು ಹತ್ತನೆಯ ತರಗತಿ. ಬರುವ ವರ್ಷ ಶಿಬಿರಕ್ಕೆ ಸೇರುವ ವಯಸ್ಸು ದಾಟುತ್ತದೆ. ಅವಳ ಪಾಲಿಗೆ ಇದ್ದದ್ದು ಇದೊಂದೇ ದಿನ. ಆ ಬೆಳಗ್ಗೆ ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ತನ್ನ ಗ್ಲೋವ್ಸನ್ನು ಮುಚ್ಚುತ್ತ ತೆರೆಯುತ್ತ ಇದ್ದಳು. ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಜ್ಜಿ ಗುರುಲಿಂಗಮ್ಮ ಅದನ್ನು ನೋಡುತ್ತಿದ್ದರು. ರೇವಪ್ಪನವರು ಮುಂದೆ ಕುಳಿತು ಯಾರನ್ನು ಎಷ್ಟು ಹೊತ್ತು ಆಡಿಸುವುದೆಂದು ಬೆರಳೆಣಿಸುತ್ತಿದ್ದರು.

ಬೆಳಗಿನ ಪಂದ್ಯ ಜಹೀರಾಬಾದಿನ ಶಾಲೆಯೊಂದರ ಮೇಲೆ. ಆಟ ಶುರುವಾಗುವ ಮುನ್ನ ಅಂಪೈರು ನಿಯಮ ಹೇಳಿದ: ಐದನೆಯ ಇನ್ನಿಂಗ್ಸ್ ಮುಗಿದಾಗ ಒಂದು ತಂಡ ಏಳು ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗಿಯಿತು. ರೇವಪ್ಪನವರಿಗೆ ಈ ನಿಯಮ ಹೊಸದೇನಲ್ಲ. ಆದರೆ ನಾರಾಯಣಖೇಡದಲ್ಲಿ ಸೋಲಲಿ ಗೆಲ್ಲಲಿ ಏಳೂ ಇನ್ನಿಂಗ್ಸ್ ಆಡಿಯೇ ಮನೆಗೆ ಹೋಗುವುದು ರೂಢಿ. ತಮ್ಮ ಹುಡುಗಿಯರು ಜಹೀರಾಬಾದಿನವರ ಮೇಲೆ ಏಳು ರನ್ ಮುಂದಿರುವುದೆಂದರೇನು! ಅವರು ಹೌದು ಹೌದು ಎಂದು ತಲೆಯಾಡಿಸಿ ಮರೆತರು.

ತಂಡದಲ್ಲಿ ಚೆಂಡೆಸೆಯಬಲ್ಲವರು ಸಂಗು ಬಿಟ್ಟರೆ ಮಯೂರಿ ಒಬ್ಬಳೇ; ಎಂದಿನಂತೆ ಮೊದಲು ಎಸೆದವಳು ಅವಳು. ಪಂಚಾಯತಿ ಕಚೇರಿಯಲ್ಲಿ ಕೆಲಸ ಮಾಡುವ ಮಥುರಾಬಾಯಿಯ ಮಗಳು, ಸಂಗುವಿನ ಗೆಳತಿ. ಸಂಗುವಿನಷ್ಟು ವೇಗವಿಲ್ಲ, ಆದರೆ ಎಡವದ ಕೈ. ಮಥುರಾಬಾಯಿ ಗೆರೆಯಾಚೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ಹಾಂ ಮಯೂ, ಹಂಗ! ಹಂಗ! ಅಕಿ ಬ್ಯಾಟು ಅಡ್ಗಿ ಮನೀ ಸವಟು ಅದ, ಹೆದ್ರಬ್ಯಾಡ!" ಎಂದು ಕೂಗುತ್ತಿದ್ದರು. ಆ ದಿನ ನಾರಾಯಣಖೇಡದ ಹುಡುಗಿಯರಿಗೆ ಏನಾಗಿತ್ತೋ! ಯಾರು ಬ್ಯಾಟು ಬೀಸಿದರೂ ಚೆಂಡು ಖಾಲಿ ಜಾಗಕ್ಕೇ ಹೋಗಿ ಬೀಳುತ್ತಿತ್ತು. ದೀಪ್ತಿ ಎಂಬ ಸಣ್ಣಗಿನ ಹುಡುಗಿ ಹೊಡೆದದ್ದು ಬೇಲಿಯವರೆಗೂ ಹೋಯಿತು. ಇವರು ಓಡಿದರು, ಮತ್ತೆ ಓಡಿದರು. ಟೊಪ್ಪಿಗೆ ಹಾಕಿದ್ದ ಹೈದರಾಬಾದಿನ ಮೇಡಂ ನಿಂತು ನೋಡತೊಡಗಿದರು.

ಐದನೆಯ ಇನ್ನಿಂಗ್ಸ್ ಮುಗಿಯುತ್ತಲೂ ರೇವಪ್ಪನವರು ಬೆಂಚಿನ ಕಡೆ ತಿರುಗಿ, "ಸಂಗು, ಏಳವ್ವ. ಇನ್ನ ನಿಂದು" ಎಂದರು. ಸಂಗು ಗ್ಲೋವ್ಸ್ ತೊಟ್ಟು ಗೆರೆ ದಾಟಿದಳು. ಅಷ್ಟರಲ್ಲಿ ಅಂಪೈರು ಎರಡೂ ಕೈ ಮೇಲೆತ್ತಿದ. ಹುಡುಗಿಯರು ಕಿರುಚುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಆಟ ಮುಗಿದಿತ್ತು. ನಾರಾಯಣಖೇಡ ಎಂಟು ರನ್ ಮುಂದಿತ್ತು.

ಸಂಗು ತೊಟ್ಟ ಗ್ಲೋವ್ಸ್ ಕಳಚಿದಳು. ಆಮೇಲೆ ಹೋಗಿ ಮಯೂರಿಯನ್ನು ಅಪ್ಪಿಕೊಂಡಳು. ರೇವಪ್ಪನವರಿಗೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಕಡೆಯ ಪಂಕ್ತಿಗೆ ಎಲೆ ಹಾಸಿ ಕೂರಿಸಿ, ಒಲೆ ಆರಿತು ಎಂದು ಎಬ್ಬಿಸಿದಂತಾಗಿತ್ತು. ಇಂಥದನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಗುರುಲಿಂಗಮ್ಮ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಹುಡುಗಿಯರು ಉಂಡೆದ್ದು ಆಚೆ ಹೋದ ಮೇಲೆ ಪ್ರೇಮಲಾ ಅವಸರದಿಂದ ಬಂದಳು.

"ಕಾಕಾ, ಮೇಡಂಗ ಮಯೂರಿ ಭಾಳ ಮನಸ್ಸಿಗೆ ಬಂದಾಳ. ಚೆಂಡು ಒಗ್ಯಾಕ ಒಬ್ಬಾಕಿ, ಬ್ಯಾಟಿಗಿ ಒಬ್ಬಾಕಿ, ನಮ್ಮ ತಂಡದಿಂದ ಇಬ್ರೇ ಅಂತ. ಇನ್ನೊಂದು ಮಾತು ಅದ್ರಿ. ಈಗ ನಾವು ತಾಂಡೂರಿನವ್ರ ಜೋಡಿ ಆಡೋ ಫೈನಲ್ ಮೇಡಂ ಪೂರಾ ನೋಡಂಗಿಲ್ಲ. ಅರ್ಧಕ್ಕ ಎದ್ದು ಬಸ್ಸಿಗಿ ಹೋಗ್ತಾರ. ಸಂಗುನ ಕಡೀಗಿ ಇಟ್ರ ಅಕಿನ್ನ ಅವರು ಕಣ್ಣಿಂದ ಸೈತ ನೋಡಂಗಿಲ್ಲ." ಇಷ್ಟು ಹೇಳಿ, ಯಾರೋ ಕರೆದರೆಂದು ಓಡಿದಳು.

ರೇವಪ್ಪನವರು ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ಕುಳಿತರು. "ಏನ್ ಮಾಡ್ಲಿ ಹೇಳು" ಎಂದು ಹೆಂಡತಿಯನ್ನು ಕೇಳಿದರು. "ನಮ್ಮವರು ಕಡೀ ಪಂಕ್ತಿ. ಅದು ಎಂದಿನಿಂದಲೂ ನಡಕೊಂಡು ಬಂದದ್ದು. ಕಡೀ ಪಂಕ್ತ್ಯಾಗ ಕುಂತು ನಾವು ಎಂದಾದ್ರೂ ಉಪಾಸ ಎದ್ದೀವೇನು? ಶರಣರ ದಯಾ, ಎಂದೂ ಕಮ್ಮಿ ಬಿದ್ದಿಲ್ಲ. ಇವತ್ತೇ ಯಾಕ ಹಿಂಗಾತು?"

ಗುರುಲಿಂಗಮ್ಮ ಹಿಂಡಿಯ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವರು ತಲೆಯೆತ್ತಿ ಗಂಡನನ್ನು ನೋಡಿದರು. ಆಮೇಲೆ ಅವರಿಗೆ ನಗು ಬಂತು.

"ಶರಣರ ದಯಾ ಖರೇರಿ. ಆದ್ರ ಮಠದ ಅಡ್ಗಿಮನ್ಯಾಗ ಪಾತೇಲಿ ಮುಚ್ಚಿ ಒಲಿ ಹಿಂದ ಇಡಾಕಿ ನಾ."

"ಯಾವ ಪಾತೇಲಿ?"

"ಇನ್ಯಾವುದ್ರಿ? ಕಡೀ ಪಂಕ್ತೀದು. ಮದಲ ಪಂಕ್ತಿ ಕುಂಡ್ರೂಕಿಂತ ಮದ್ಲೇ ಹುಗ್ಗಿ ತೆಗ್ದು ಮುಚ್ಚಿಡ್ತೀನಿ. ನಮ್ಮತ್ತಿನೂ ಹಂಗೇ ಮಾಡ್ತಿದ್ದರು. ಇಲ್ಲಂದ್ರ ನೀವು ನೀಡೋ ಕೈಗಿ ನಮಗೆಲ್ಲಿ ಉಳೀತಿತ್ತು?"

ರೇವಪ್ಪನವರು ಬೆಪ್ಪಾದರು. ಇಷ್ಟು ವರ್ಷ ಬಕೀಟು ಹಿಡಿದು ಹೊರಗೆ ಓಡಾಡಿದವರು ಅವರು. ಒಳಗೆ ಒಲೆಯ ಹಿಂದೆ ಏನಿದೆ ಎಂದು ಇಣುಕಿದವರಲ್ಲ. ತೀರಿತೆಂದರೆ ಹೆಂಡತಿ ಇನ್ನಷ್ಟು ತಂದಿಡುತ್ತಿದ್ದರು, ಅವರು ಉಣ್ಣುತ್ತಿದ್ದರು.

"ಅಂದ್ರ... ಊರವರಿಗಿಂತ ಮದ್ಲೇ ನಮಗ ತೆಗ್ದಿಟ್ಟಂಗ ಆತಲ್ಲ!"

"ಹೌದ್ರಿ."

"ಅದು ನ್ಯಾಯ ಏನು, ಇನ್ಸಾಫ್ ಏನು?"

"ಅದೆಲ್ಲ ನನಗೇನು ಗೊತ್ತ್ರಿ. ಎಲ್ಲರೂ ಉಂಡಾರೋ ಇಲ್ಲೋ? ನಾವೂ ಉಂಡೀವಿ." ಗುರುಲಿಂಗಮ್ಮ ಗಂಟು ಬಿಗಿದರು. "ನೀವು ಅಕಿನ್ನ ಕಡೀಗಿ ಕುಂಡ್ರಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಡೀಗಿ ಕುಂತಾಕಿಗಿ ಏನು ಮುಚ್ಚಿಟ್ಟೀರಿ? ಅದಿಷ್ಟು ಹೇಳ್ರಿ. ಅಕಿ ಅಂಗಿ ನೋಡ್ರಿ ಹೋಗಿ, ಹೂವಿನಂಗ ಬೆಳ್ಳಗದ."

ಅಂಗಿಯ ಮಾತು ರೇವಪ್ಪನವರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವರು ಎದ್ದು ಮೈದಾನದ ಸುತ್ತ ಒಂದು ಸುತ್ತು ನಡೆದರು. ತಲೆ ಮಾತ್ರ ತಿಳಿಯಾಗಲಿಲ್ಲ. ಸಂಗುವನ್ನು ಮೊದಲು ಬಿಟ್ಟರೆ ಮಯೂರಿಯ ಎಲೆ ಕಸಿದಂತೆ; ಬೆಳಗ್ಗೆ ಗೆಲ್ಲಿಸಿದವಳು ಅವಳು. ಬಿಡದಿದ್ದರೆ ಸಂಗು ಉಪವಾಸ. ಇಬ್ಬರಿಗೂ ಅರ್ಧರ್ಧ ಹಂಚೋಣವೆಂದರೆ ಮೊದಲ ಅರ್ಧ ಯಾರಿಗೆ ಎಂಬ ಪ್ರಶ್ನೆ ಹಾಗೆಯೇ ಇತ್ತು. ದಾಸೋಹದಲ್ಲಿ ಮೊದಲನೆಯವನಿಗೂ ಕಡೆಯವನಿಗೂ ಬೀಳುವುದು ಅದೇ ಹುಗ್ಗಿ. ಇಲ್ಲಿ ಹಾಗಲ್ಲವಲ್ಲ, ಹೊತ್ತು ಹೋದಂತೆ ಹುಗ್ಗಿಯೇ ಬೇರೆಯಾಗುತ್ತದೆ!

ಪಂದ್ಯಕ್ಕೆ ಕರೆ ಬಂದಾಗ ಅವರ ಬಾಯಿಂದ ಬಂದ ಹೆಸರು ಸಂಗುವಿನದು.

"ಏನ್ ಸರ್?" ಎಂದಳು ಸಂಗು.

"ಕೇಳಿಸ್ಲಿಲ್ಲೇನು? ಚೆಂಡು ನಿಂದು ಅಂದೆ."

"ಮಯೂರಿ?"

"ಅಕಿ ಆಮ್ಯಾಲ."

ಮಯೂರಿ ಬೆಂಚಿನ ತುದಿಗೆ ಸರಿದು ಕುಳಿತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಗೆರೆಯಾಚೆಯಿಂದ ಮಥುರಾಬಾಯಿ, "ಇದೇನ್ರಿ ಅಣ್ಣಾರ, ಮುಂಜಾನಿ ದುಡ್ದಾಕಿಗಿ ಮಧ್ಯಾಹ್ನ ರಜಾ ಕೊಟ್ರೇನು?" ಎಂದರು. ಮಾತಿನಲ್ಲಿ ನಗೆಯಿತ್ತು, ಆದರೆ ಪೂರ್ತಿ ನಗೆಯಲ್ಲ.

ಆಮೇಲೆ ನಡೆದದ್ದನ್ನು ತಾಂಡೂರಿನ ಹುಡುಗಿಯರು ಬಹುಕಾಲ ನೆನೆಸಿಕೊಂಡಿರಬೇಕು. ಸಂಗುವಿನ ಕೈ ಸುತ್ತಿತು, ಟಪ್ಪೆಂದು ಸದ್ದಾಯಿತು. ಮತ್ತೆ ಸುತ್ತಿತು, ಮತ್ತೆ ಟಪ್. ಒಬ್ಬಳಾದ ಮೇಲೆ ಒಬ್ಬಳು ಬ್ಯಾಟನ್ನು ಎಳೆದುಕೊಂಡು ಮರಳಿದರು. ಟೊಪ್ಪಿಗೆಯ ಮೇಡಂ ಕುರ್ಚಿ ಬಿಟ್ಟು ತಂತಿಬೇಲಿಯ ಹತ್ತಿರಕ್ಕೇ ಬಂದರು. ಪ್ರೇಮಲಾಳನ್ನು ಕರೆದು ತೆಲುಗಿನಲ್ಲಿ, ಈ ಹುಡುಗಿಯನ್ನು ಬೆಳಗ್ಗೆ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳಿದರಂತೆ. ಬಸ್ಸಿನ ಹೊತ್ತಾಗಿ ಮೇಡಂ ಚೀಲ ಹೆಗಲಿಗೇರಿಸಿ ಹೊರಟಾಗ ಎರಡೂ ತಂಡಗಳ ರನ್ ಸಮವಾಗಿತ್ತು.

ಆದರೆ ಸದಾ ಕಡೆಯ ಎರಡು ಇನ್ನಿಂಗ್ಸ್ ಮಾತ್ರ ಆಡಿದ ಕೈಗೆ ಏಳರ ಅಭ್ಯಾಸ ಎಲ್ಲಿಂದ ಬರಬೇಕು? ಆರನೆಯದರಲ್ಲಿ ಸಂಗುವಿನ ಚೆಂಡು ಅತ್ತಿತ್ತ ಹೋಗತೊಡಗಿತು. ಏಳನೆಯದರಲ್ಲೂ ರನ್ ಸಮವೇ ಇತ್ತು, ಕಡೆಯ ಬ್ಯಾಟಿಂಗ್ ತಾಂಡೂರಿನದು; ಅವಳು ಪ್ರತಿ ಎಸೆತಕ್ಕೂ ಮುನ್ನ ಭುಜ ತಿಕ್ಕಿಕೊಳ್ಳುತ್ತಿದ್ದಳು. ನಾಲ್ಕು ಚೆಂಡು ತಪ್ಪಿ ಬಿದ್ದರೆ ಬ್ಯಾಟಿನವಳು ಹೊಡೆಯದೆಯೇ ಮೊದಲ ಬೇಸಿಗೆ ನಡೆದುಹೋಗಬಹುದು. ಹಾಗೆ ಒಬ್ಬಳು ನಡೆದಳು. ಇನ್ನೊಬ್ಬಳೂ ನಡೆದಳು. ಮೂರನೆಯವಳೂ ನಡೆದು ಮೂರು ಬೇಸೂ ತುಂಬಿದವು.

"ಅಣ್ಣಾರ! ಮಯೂರಿನ ಒಳಗ ಬಿಡ್ರಿ!" ಮಥುರಾಬಾಯಿ ಈಗ ನಗುತ್ತಿರಲಿಲ್ಲ. "ಆ ಹುಡುಗಿ ಕೈ ಮುರೀತದ, ನೋಡಾಕತ್ತೀರೋ ಇಲ್ಲೋ?"

"ಕಾಕಾ, ಬದಲಿ ಮಾಡ್ರಿ" ಎಂದಳು ಪ್ರೇಮಲಾ ಮೆಲ್ಲಗೆ.

ರೇವಪ್ಪನವರು ಒಂದು ಹೆಜ್ಜೆ ಮುಂದಿಟ್ಟರು. ಬದಲಿಸುವುದೇ ಸರಿ ಎಂದು ಅವರ ಕಣ್ಣು ಹೇಳುತ್ತಿತ್ತು. ಆದರೆ ಕಾಲು ಕೇಳಲಿಲ್ಲ. ಉಣ್ಣುತ್ತಿರುವವರ ಮುಂದಿನ ಎಲೆ ಎತ್ತಬಾರದು. ಹುಡುಗಿ ಜನ್ಮಕ್ಕೆ ಮೊದಲ ಸಲ ಮೊದಲ ಪಂಕ್ತಿಗೆ ಕುಳಿತಿದ್ದಾಳೆ, ಇನ್ನೂ ಎದ್ದಿಲ್ಲ. ಹೇಗೆ ಎತ್ತುವುದು? ಇತ್ತ ಬೆಂಚಿನಲ್ಲಿ ಒಬ್ಬಳು ಎಲೆಯೇ ಇಲ್ಲದೆ ಕುಳಿತಿದ್ದಾಳೆ. ಅವಳ ಗತಿ ಏನು? ಒಂದು ನಿಯಮ ಇನ್ನೊಂದರ ಕುತ್ತಿಗೆ ಹಿಡಿದಿತ್ತು. ಅವರು ಒಂದು ಕಾಲು ಗೆರೆಯ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತೇ ಇದ್ದರು. ಅಷ್ಟರಲ್ಲಿ ನಾಲ್ಕನೆಯ ಹುಡುಗಿಗೂ ಚೆಂಡು ತಪ್ಪಿ, ಅವಳೂ ಮೊದಲ ಬೇಸಿಗೆ ನಡೆದಳು. ಹಿಂದಿನವಳಿಗೆ ಜಾಗ ಬಿಡಬೇಕಾಗಿ ಮೂರನೆಯ ಬೇಸಿನಲ್ಲಿದ್ದವಳು ಕೈಬೀಸಿಕೊಂಡು ಮನೆಗೆ ಬಂದಂತೆ ನಡೆದುಬಂದಳು. ಒಂದು ರನ್. ತಾಂಡೂರು ಗೆದ್ದಿತು.

ಸಂಗು ಮೊಣಕಾಲೂರಿ ಮಣ್ಣಿನ ಮೇಲೆ ಕುಳಿತಳು. ಅವಳ ಅಂಗಿ ಎಲ್ಲಿ ನೋಡಿದರೂ ಕೆಂಪಾಗಿತ್ತು. ಎಲ್ಲರಿಗಿಂತ ಮೊದಲು ಅವಳ ಹತ್ತಿರ ಹೋಗಿ ಕೈಹಿಡಿದು ಎಬ್ಬಿಸಿದವಳು ಮಯೂರಿ. ಅವರಿಬ್ಬರು ಏನು ಮಾತಾಡಿಕೊಂಡರೋ ಯಾರಿಗೂ ಕೇಳಿಸಲಿಲ್ಲ.

ಮೇಡಂ ಬಿಟ್ಟುಹೋದ ಹೆಸರುಗಳನ್ನು ಪ್ರೇಮಲಾ ಬಸ್ಸಿನಲ್ಲಿ ಹೇಳಿದಳು. ಬ್ಯಾಟಿಗೆ ದೀಪ್ತಿ. ಚೆಂಡಿಗೆ ಸಂಗು. ಬೆಳಗ್ಗೆ ಮಯೂರಿಯ ಹೆಸರಿದ್ದ ಜಾಗದಲ್ಲಿ ಮಧ್ಯಾಹ್ನ ಸಂಗುವಿನ ಹೆಸರು ಬಂದಿತ್ತು.

ಮಥುರಾಬಾಯಿ ರೇವಪ್ಪನವರ ಸೀಟಿನ ಕಡೆ ಬಗ್ಗಿದರು. "ಅಣ್ಣಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದರು. "ಸಂಗು ಒಳ್ಳೇ ಆಟಗಾರ್ತಿ. ನಮ್ಮ ಮಯೂಕಿಂತ ಜಾಸ್ತಿ. ಅದು ನನಗೂ ಗೊತ್ತದ. ಆದ್ರ ಇಷ್ಟು ದಿನ ಎಲ್ಲರೂ ಬರಾಬರ್ ಅಂದ್ರಿ, ನಾವು ಹೂಂ ಅಂದೀವಿ. ಇವತ್ತ ಆರಿಸಾವ್ರು ಬಂದ ದಿನಾನೇ ನಿಮ್ಮ ಪಂಕ್ತಿ ತಿರುವಿ ಹಾಕಿದ್ರಿ. ಮದ್ಲಿಂದ ಅಕಿನ್ನೇ ಮುಂದ ಬಿಟ್ಟಿದ್ರ ನಾ ಏನೂ ಅಂತಿದ್ದಿಲ್ಲ. ಕಡೀತನಕ ಹಿಂದೇ ಇಟ್ಟಿದ್ರೂ ಅಂತಿದ್ದಿಲ್ಲ."

ರೇವಪ್ಪನವರಿಗೆ ಆ ಮಾತಿನ ಒಂದೊಂದು ತುಂಡೂ ನ್ಯಾಯವಾಗಿ ಕಂಡಿತು. ಮಧ್ಯಾಹ್ನ ಹೆಂಡತಿ ಹೇಳಿದ್ದೂ ನ್ಯಾಯವಾಗಿಯೇ ಕಂಡಿತ್ತು. ಎರಡು ನ್ಯಾಯಗಳು ಒಂದೇ ಸೀಟಿನಲ್ಲಿ ಕುಳಿತು ಮೊಣಕೈಯಿಂದ ತಿವಿದಾಡುವಾಗ ನಡುವೆ ಸಿಕ್ಕ ಮನುಷ್ಯನಂತೆ ಅವರು ಮೈ ಕುಗ್ಗಿಸಿಕೊಂಡರು. "ಮಥುರಾಬಾಯಿ, ನನಗ ತಿಳೀವಲ್ದವ್ವ" ಎಂದರು ಕೊನೆಗೆ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಜಾರಿಕೊಳ್ಳುವ ಮಾತು ಎನಿಸುತ್ತಿತ್ತು. ಅವರ ಮುಖ ನೋಡಿ ಮಥುರಾಬಾಯಿ ಸೆರಗು ಸರಿಮಾಡಿಕೊಂಡು ಸೀಟಿಗೆ ಒರಗಿದರು.

ಮನೆಗೆ ಬಂದು ಸಂಗು ಅಂಗಿಯನ್ನು ಬಕೀಟಿಗೆ ಹಾಕುವಾಗ ರೇವಪ್ಪನವರು ಪಡಸಾಲೆಯಿಂದ ಕೇಳಿದರು. "ಸಂಗು, ಖುಷಿ ಆಗ್ಯಾದೇನು?"

"ಆಗ್ಯಾದ ಮುತ್ಯಾ." ಅಂಗಿಯನ್ನು ನೀರಲ್ಲಿ ಅದ್ದಿ, "ಪೂರಾ ಆಗಿಲ್ಲ" ಎಂದಳು. ಪಡಸಾಲೆಯ ಕಡೆ ತಿರುಗಿ, "ಆ ಕಡೀ ಇನ್ನಿಂಗ್ಸಿನಾಗ ನನ್ನ ಯಾಕ ತೆಗೀಲಿಲ್ಲ? ನಾ ನಿನ್ನ ಕಡೀನೇ ನೋಡಾಕತ್ತಿದ್ದೆ. ಕೈ ಏಳ್ತಿದ್ದಿಲ್ಲ ನಂದು" ಎಂದಳು.

ರೇವಪ್ಪನವರು ಇದನ್ನು ಎಣಿಸಿಯೇ ಇರಲಿಲ್ಲ. ಹೊಟ್ಟೆ ತುಂಬಿದವಳು ಸಾಕು ಎಂದು ಕೈ ಅಡ್ಡ ಹಿಡಿದರೂ ಕಾಣದೆ ನೀಡುತ್ತಲೇ ಇದ್ದಂತಾಯಿತೆ? ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮೊದಲು ಕಂಡದ್ದಕ್ಕಿಂತ ಸ್ಪಷ್ಟವಾಗಿ ಏನೂ ಕಾಣಲಿಲ್ಲ.

ಮುಂದಿನ ಅಮಾವಾಸ್ಯೆಯ ದಿನವೇ ಸಂಗು ಹೈದರಾಬಾದಿನ ಶಿಬಿರಕ್ಕೆ ಹೊರಡಬೇಕಿತ್ತು. ಮಧ್ಯಾಹ್ನದ ಬಸ್ಸು. ಮಠದ ಅಂಗಳದಲ್ಲಿ ಮುತ್ತುಗದ ಎಲೆ ಹೊಲಿದ ಪತ್ರಾಳಿ ಹಾಸಿ ಮೊದಲ ಪಂಕ್ತಿ ಕೂತಿತು. ರೇವಪ್ಪನವರು ಹುಗ್ಗಿಯ ಬಕೀಟು ಹಿಡಿದು ತುದಿಯಿಂದ ಹೊರಟರು. ಮುಖ ನೋಡಬಾರದು, ಎಲೆ ನೋಡಬೇಕು. ಸೌಟು ಇಳಿಯಿತು, ಏರಿತು, ಇಳಿಯಿತು. ಹೀಗೆ ಬರುತ್ತ ಒಂದು ಎಲೆಯ ಮುಂದೆ ಅವರ ಕಾಲು ನಿಂತಿತು. ಆ ಎಲೆಯ ಪಕ್ಕದಲ್ಲಿ ಊರಿದ್ದ ಬಲಗೈಯ ಬೆರಳುಗಳು ಅವರಿಗೆ ಗೊತ್ತಿದ್ದವು. ಸಂಗು ಮೊದಲ ಪಂಕ್ತಿಯಲ್ಲಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ಮಯೂರಿ, ಆಚೆಗೆ ಮಥುರಾಬಾಯಿ.

"ಬಸ್ಸು ತಪ್ತದ ಮುತ್ಯಾ" ಎಂದಳು ಸಂಗು. "ಆಯೀನೇ ಕುಂಡ್ರು ಅಂದಳು" ಎಂದು ಅಡುಗೆಮನೆಯಲ್ಲಿದ್ದ ಅಜ್ಜಿಯ ಕಡೆ ಕಣ್ಣು ತೋರಿಸಿದಳು.

"ನೀಡ್ರಿ ರೇವಪ್ಪನವ್ರ, ಹುಗ್ಗಿ ಆರಾಕತ್ಯಾದ" ಎಂದು ಪಂಕ್ತಿಯ ಆ ತುದಿಯಿಂದ ಯಾರೋ ಕೂಗಿದರು.

ರೇವಪ್ಪನವರು ನೀಡಿದರು. ನೀಡಿದ ಮೇಲೆ ನೋಡಿದರೆ ಅದು ಉಳಿದವರಿಗಿಂತ ತುಸು ಹೆಚ್ಚೇ ಆಯಿತೇನೋ ಎನ್ನಿಸಿತು. ಮಯೂರಿಗೆ ಸೌಟು ತುಂಬ ಹಾಕಿ, ಮೇಲೆ ಇನ್ನೊಂದಿಷ್ಟು ಹಾಕಿದರು. ಈಗ ಮಯೂರಿಯದು ಹೆಚ್ಚಾಗಿ ಕಂಡಿತು. ಮಥುರಾಬಾಯಿಗೆ ಅಷ್ಟೇ ಹಾಕಿದರು.

"ಏ ಸಾಕ್ರಿ ಅಣ್ಣಾರ! ಇದೇನು ಫೈನಲ್ ಮ್ಯಾಚಿನ ಬಾಕಿ ಇಲ್ಲೇ ತೀರಿಸ್ತೀರೇನು?" ಎಂದರು ಮಥುರಾಬಾಯಿ. ಹುಡುಗಿಯರಿಬ್ಬರೂ ಕಿಸಕ್ಕೆಂದರು.

ರೇವಪ್ಪನವರಿಗೆ ನಗು ಬಂತು, ನಿಲ್ಲಲು ಮಾತ್ರ ಬರಲಿಲ್ಲ. ಇವರಿಗೆ ಇಷ್ಟು ಬಿದ್ದ ಮೇಲೆ ಮುಂದಿನವರಿಗೂ ಇಷ್ಟೇ ಬೀಳಬೇಕಲ್ಲ. ಅವರಿಗೂ ಹಾಕಿದರು, ಅವರ ಆಚೆಯವರಿಗೂ ಹಾಕಿದರು. ಆಮೇಲೆ ಹಿಂದೆ ಬಿಟ್ಟುಬಂದವರ ನೆನಪಾಗಿ ತಿರುಗಿ ಬಂದು ಅವರಿಗೂ ಒಂದೊಂದು ಸೌಟು ಸೇರಿಸಿದರು. ಹುಡುಗರು ಹಂಡೆಯಿಂದ ಬಕೀಟನ್ನು ತುಂಬಿ ತುಂಬಿ ತಂದುಕೊಟ್ಟರು; ಕಡೆಗೊಮ್ಮೆ ಮುಂದಕ್ಕೆ ಹೋಗುವಾಗ ಬಕೀಟಿನ ತಳದಲ್ಲಿ ಸೌಟು ಕರಕರ ಸದ್ದು ಮಾಡಿತು. ಪಂಕ್ತಿಯ ಕೊನೆಯಲ್ಲಿ ಇನ್ನೂ ಒಂದಿಷ್ಟು ಎಲೆಗಳು ಬರಿದಾಗಿದ್ದವು. ಹುಗ್ಗಿ ತೀರಿತ್ತು.

ಅವರು ಖಾಲಿ ಬಕೀಟು ಹಿಡಿದು ಅಡುಗೆಮನೆಯೊಳಗೆ ಬಂದರು. ದೊಡ್ಡ ಹಂಡೆಯಲ್ಲೂ ಏನೂ ಉಳಿದಿರಲಿಲ್ಲ. ಗುರುಲಿಂಗಮ್ಮ ಒಲೆಯ ಪಕ್ಕದಲ್ಲಿ ಕುಳಿತು ಗಂಡನನ್ನೂ ಬಕೀಟನ್ನೂ ನೋಡಿದರು. ಅವರ ಬೆನ್ನ ಹಿಂದೆ, ಮೇಲೊಂದು ತಟ್ಟೆ ಮುಚ್ಚಿದ ಪಾತೇಲಿಯಿತ್ತು. ಇಷ್ಟು ವರ್ಷ ಅಲ್ಲೇ ಇದ್ದಿರಬೇಕು. ರೇವಪ್ಪನವರು ಅದನ್ನು ಅಂದೇ ಮೊದಲು ನೋಡಿದ್ದು.

"ಮದಲ ಪಂಕ್ತೀಗೇ ತೀರಿತೇನ್ರಿ?"

"ಹೂಂ."

"ಹಂಗಾದ್ರ ಇದನ್ನ ತೆಗೀಲೇನ್ರಿ?"

ಹೊರಗೆ ಬರಿ ಎಲೆಗಳ ಮುಂದೆ ಜನ ಕಾಯುತ್ತಿದ್ದರು. ಒಳಗೆ ಕಡೆಯ ಪಂಕ್ತಿಯವರ ಪಾಲು ಮುಚ್ಚಿಟ್ಟಿತ್ತು. ತೆಗೆ ಎಂದರೆ ಒಬ್ಬರಿಗೆ ತಪ್ಪುತ್ತದೆ, ಬೇಡ ಎಂದರೆ ಇನ್ನೊಬ್ಬರಿಗೆ. ರೇವಪ್ಪನವರು ಸೌಟನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು, ಮತ್ತೆ ಬಲಗೈಗೆ ತೆಗೆದುಕೊಂಡರು.

"ನೀನೇ ಹೇಳು" ಎಂದರು.

ಗುರುಲಿಂಗಮ್ಮ ತಟ್ಟೆ ಸರಿಸಿ ಪಾತೇಲಿಯನ್ನು ಅವರ ಬಕೀಟಿಗೆ ಬಗ್ಗಿಸಿದರು. ಆದರೆ ಪೂರ್ತಿ ಬಗ್ಗಿಸಲಿಲ್ಲ.